ನಿಂಬೆಹುಳಿ ಒಲೆಯಲ್ಲ

ಪೆರುವಿನ ಸೆವಿಚೆಯನ್ನು ಮನೆಯಲ್ಲಿ ಮಾಡಲು ಹೇಳಿಕೊಡುವ ಹಲವರು ಒಂದು ಸುಳ್ಳನ್ನೂ ಜೊತೆಗೆ ಬಡಿಸುತ್ತಾರೆ: ನಿಂಬೆರಸದಲ್ಲಿ ಮೀನು ‘ಬೇಯುತ್ತದೆ’. ಬೇಯುವುದಿಲ್ಲ. ಹುಳಿಗೆ ಪ್ರೋಟೀನು ಬಿಗಿದು ಹೋಳು ಬೆಳ್ಳಗಾಗುತ್ತದೆ, ಅಷ್ಟೆ. ಉಪ್ಪಿನಕಾಯಿಯ ಹೋಳು ‘ನೆನೆಯಿತು’ ಎನ್ನುವ ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತು.

ಕಡಲ ಮೀನಿನಲ್ಲಿ ಇರಬಹುದಾದ ಅನಿಸಾಕಿಸ್ ಹುಳು ನಿಂಬೆಹುಳಿಗೆ ಸಾಯುವುದಿಲ್ಲ. ಮನುಷ್ಯನ ಜಠರದ ಆಮ್ಲದಲ್ಲೂ ಬದುಕಿ ಗೋಡೆಗೆ ಕಚ್ಚಿಕೊಳ್ಳುವ ಜೀವಿ ಅದು. ಅದನ್ನು ಕೊಲ್ಲುವುದು ಬೆಂಕಿ, ಇಲ್ಲವೇ ಕಡುಚಳಿ: ಅಮೆರಿಕದ ಎಫ್‌ಡಿಎ ಪ್ರಕಾರ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ. ಬ್ಯಾಕ್ಟೀರಿಯಾ ಅದರಲ್ಲೂ ಬದುಕಬಲ್ಲವು.

ಸೆವಿಚೆ ಬೇಡವೆಂದಲ್ಲ. ಹಾಗೆ ಹೆಪ್ಪುಗಟ್ಟಿಸಿದ ಮೀನಿನಲ್ಲಿ ಮಾಡಲಿ, ಬಡಿಸುವಾಗ ‘ಹಸಿ ಮೀನು’ ಎಂದೇ ಹೇಳಲಿ. ‘ಬೆಂದಿದೆ’ ಎಂಬ ಮಾತು ನಂಬಿ ಬಟ್ಟಲಿಗೆ ಕೈಹಾಕುವವಳು ಬಸುರಿಯೂ ಆಗಿರಬಹುದು.