ಗಿರಾಕಿಯ ಗುರುತು ಮರೆತ ಬ್ಯಾಂಕು

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ತಾನೇ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಯಾರ ವ್ಯಾಪಾರ ಬಿದ್ದಿದೆ, ಯಾರ ಮಗಳ ಮದುವೆ ನಿಕ್ಕಿಯಾಗಿದೆ, ಯಾರಿಗೆ ಮೈ ಹುಷಾರಿಲ್ಲ, ಪಿಗ್ಮಿ ಏಜೆಂಟರಿಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಗಿರಾಕಿಯನ್ನು ತಿಳಿಯುವುದಕ್ಕೆ ಅವರಿಗೆ ಫಾರಂ ಬೇಕಾಗಿರಲಿಲ್ಲ.

ಈಗ ಆ ಕೆಲಸಕ್ಕೆ ಕೆವೈಸಿ ಎಂದು ಹೆಸರು. ‘ನಿಮ್ಮ ಗಿರಾಕಿಯನ್ನು ತಿಳಿಯಿರಿ’ ಎಂದು ಅದರ ಅರ್ಥ! ಇಪ್ಪತ್ತು ವರ್ಷ ಒಂದೇ ಕೌಂಟರಿಗೆ ದುಡ್ಡು ಕಟ್ಟಿದ ಜೀನಸು ಅಂಗಡಿಯವರ ಖಾತೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಂದ್. ಹೋಗಿ ಕೇಳಿದರೆ ಆಧಾರ್ ಜೆರಾಕ್ಸ್, ಪಾನ್ ಜೆರಾಕ್ಸ್, ಎರಡು ಫೋಟೋ.

“ಹೋದ ವರ್ಷವೇ ಕೊಟ್ಟಿದ್ದೇನಲ್ಲ ಸಾರ್?”

“ಸಿಸ್ಟಂನಲ್ಲಿ ತೋರಿಸ್ತಾ ಇಲ್ಲ, ಮತ್ತೆ ಕೊಡಿ.”

ಅದೇ ದಿನ ಸಂಜೆ ವಿಮೆ ಮಾರಲು ಅದೇ ಬ್ಯಾಂಕಿನಿಂದ ಫೋನು ಬರುತ್ತದೆ. ಆಗ ಹೆಸರು, ಊರು, ಖಾತೆಯಲ್ಲಿರುವ ದುಡ್ಡು, ಎಲ್ಲವೂ ಬಾಯಿಪಾಠ!

ನ್ಯಾಯವಾಗಿ ನೋಡಿದರೆ ಗುರುತು ಕೇಳಬೇಕಾದವನು ಗಿರಾಕಿ. ಅವನ ಅಂಗಡಿ ಇದ್ದಲ್ಲೇ ಇದೆ, ಬೋರ್ಡು ಬದಲಾದದ್ದು ಬ್ಯಾಂಕಿನದು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಪಾಲಾಯಿತು. 2020ರಲ್ಲಿ ಸಿಂಡಿಕೇಟ್ ಕೆನರಾವನ್ನೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಮೂರು ವರ್ಷವೂ ಆರಿಸಿದ ದಿನ ಏಪ್ರಿಲ್ 1. ಪಾಸ್‌ಬುಕ್ಕು, ಚೆಕ್ ಬುಕ್ಕು, ಐಎಫ್‌ಎಸ್‌ಸಿ ನಂಬರು ಬದಲಿಸಿಕೊಳ್ಳಲು ಕ್ಯೂ ನಿಂತವರು ಯಾವ ದಿನವೆಂದು ಅರ್ಥ ಮಾಡಿಕೊಂಡರು.

ಕಳ್ಳ ಖಾತೆ ಹಿಡಿಯಲು ತಪಾಸಣೆ ಬೇಕು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮ ಅಷ್ಟು ಕಠಿಣವಾಗಿಲ್ಲ. ಅಪಾಯ ಕಡಿಮೆ ಎಂದು ಗುರುತಿಸಿದ ಖಾತೆಗೆ ಹತ್ತು ವರ್ಷಕ್ಕೊಮ್ಮೆ ಕೆವೈಸಿ ಸಾಕು. ವಿವರ ಏನೂ ಬದಲಾಗದಿದ್ದರೆ ‘ಬದಲಾಗಿಲ್ಲ’ ಎಂದು ಗಿರಾಕಿ ತಾನೇ ಬರೆದುಕೊಟ್ಟರೆ ಆಯಿತು. ಈ ಎರಡು ಸಾಲನ್ನು ಕನ್ನಡದಲ್ಲಿ ಬರೆದು ಕೌಂಟರಿನ ಮೇಲೆ ತೂಗುಹಾಕಲು ಬ್ಯಾಂಕಿಗೆ ಎಷ್ಟು ಖರ್ಚಾದೀತು?

ಅಲ್ಲಿಯವರೆಗೆ ಅಂಗಡಿಯವರು ಬರೀ ಜೆರಾಕ್ಸ್ ಹಿಡಿದು ಓಡುವುದು ಬೇಡ. “ಹಳೆಯ ವಿವರವೇ ಇದೆ, ಬರೆದುಕೊಡುತ್ತೇನೆ, ತೆಗೆದುಕೊಂಡು ರಶೀದಿ ಕೊಡಿ” ಎಂದು ಗಟ್ಟಿಯಾಗಿ ಕೇಳಲಿ. ಎರಡಾಣೆಗೂ ರಶೀದಿ ಕೊಟ್ಟ ಊರಿದು, ಒಂದು ಕಾಗದಕ್ಕೆ ಕೊಡಲು ಏನು ಧಾಡಿ?