ಕುಸಿದ ಮೇಲಿನ ತನಿಖೆ ಯಾರಿಗಾಗಿ?

2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕ ಹೇಗೋ ಬದುಕುಳಿದ. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಮುರಿದಾಗ ಸುಮಾರು 20 ಮಂದಿ ಪ್ರಾಣ ತೆತ್ತರು. ಎರಡಕ್ಕೂ ವಯಸ್ಸು ನಲವತ್ತರ ಆಸುಪಾಸು.

ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನಮ್ಮ ಜಿಲ್ಲೆಯಲ್ಲೇ ಹರಿದು ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ತುಮಕೂರಿನಿಂದ ಗುಬ್ಬಿಗೋ ಕುಣಿಗಲ್‌ಗೋ ಹೋಗುವ ನಾವು ಹಳ್ಳ-ಕಾಲುವೆಗಳ ಸೇತುವೆಗಳನ್ನು ನಿಶ್ಚಿಂತೆಯಿಂದ ದಾಟುತ್ತೇವೆ. ಆದರೆ ಕಾಂಕ್ರೀಟಿಗೂ ಮುಪ್ಪಿದೆ. ಬಿರುಕಿನಿಂದ ನೀರು, ಗಾಳಿ ಒಳಹೊಕ್ಕರೆ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ; ಮೇಲಿನ ಕಾಂಕ್ರೀಟು ಚಕ್ಕೆಯಾಗಿ ಉದುರುತ್ತದೆ. ಕಂಬದ ಬುಡದ ಮಣ್ಣನ್ನು ಪ್ರವಾಹ ಕೊರೆಯುತ್ತದೆ.

ಇವೆಲ್ಲ ಮುನ್ಸೂಚನೆ ಕೊಟ್ಟೇ ಬರುವ ಕಾಯಿಲೆಗಳು. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ. ತುಕ್ಕಿನ ಕಲೆ ಬರಿಗಣ್ಣಿಗೇ ಕಾಣುತ್ತದೆ. ಸೇತುವೆಗಳ ಸ್ಥಿತಿಗತಿಯನ್ನು ದಾಖಲಿಸಲು ಕೇಂದ್ರ ಸರಕಾರ 2016ರಲ್ಲೇ ರಾಷ್ಟ್ರೀಯ ವ್ಯವಸ್ಥೆಯೊಂದನ್ನು ಆರಂಭಿಸಿತು. ದಾಖಲೆ ಕಡತದಲ್ಲಿ ಮಲಗಿದರೆ ಪ್ರಯೋಜನವೇನು?

ನಮ್ಮ ಆಗ್ರಹ ಸರಳ: ಪ್ರತಿ ಮಳೆಗಾಲದ ಮುನ್ನ ಮತ್ತು ನಂತರ ಹಳೆಯ ಸೇತುವೆಗಳ ತಪಾಸಣೆಯಾಗಲಿ, ಪ್ರತಿಯೊಂದಕ್ಕೂ ಸ್ಥಿತಿಯ ಅಂಕ ನೀಡಿ ಅದನ್ನು ಬಹಿರಂಗಪಡಿಸಲಿ, ದುರಸ್ತಿಯ ಹಣ ಪ್ರಭಾವಿಗಳ ಊರಿಗಲ್ಲ, ಅತಿ ದುರ್ಬಲ ಸೇತುವೆಗೆ ಮೊದಲು ಸಲ್ಲಲಿ. ಹೆಣ ಎಣಿಸಿದ ಮೇಲೆ ಘೋಷಿಸುವ ಪರಿಹಾರಕ್ಕಿಂತ, ಬಿರುಕು ಕಂಡಾಗಲೇ ಮಾಡುವ ದುರಸ್ತಿ ಅಗ್ಗವೂ ಹೌದು, ಮಾನವೀಯವೂ ಹೌದು.