‘ಮೂರೇ ಭಾಗಗಳ ಎಂಜಿನ್’: ರೋಟರಿ ರೇಸ್ ಎಂಜಿನ್ ಜೋಡಿಸುವುದು ನಿಜಕ್ಕೂ ಅಷ್ಟು ಸುಲಭವೇ?

ಉಬ್ಬಿದ ತ್ರಿಕೋನದಂಥ ಒಂದು ಲೋಹದ ತುಂಡು ಗೂಡಿನೊಳಗೆ ಓಲಾಡುತ್ತಾ ಸುತ್ತುತ್ತಿರುವ ವಿಡಿಯೋ ನಿಮ್ಮ ಯಾವುದಾದರೂ ಗ್ರೂಪಿಗೆ ಬಂದಿರಬಹುದು. ಅದರ ಕೆಳಗಿನ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ಈ ಎಂಜಿನ್‌ನಲ್ಲಿ ತಿರುಗುವ ಭಾಗಗಳು ಮೂರೇ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಸವೆಯುವುದಕ್ಕೆ ಏನೂ ಇಲ್ಲ. ಯಾರು ಬೇಕಾದರೂ ಜೋಡಿಸಬಹುದು. 1991ರಲ್ಲಿ ರೇಸ್ ಗೆದ್ದಿತೆಂದು ದೊಡ್ಡ ಕಂಪನಿಗಳೆಲ್ಲ ಸೇರಿ ಇದನ್ನು ನಿಷೇಧ ಮಾಡಿಸಿದವು. ಎಲ್ಲರಿಗೂ ಶೇರ್ ಮಾಡಿ.

ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸುಳ್ಳಿದೆ. ಮುಖ್ಯವಾದ ಒಂದು ವಿಷಯವನ್ನಂತೂ ಪೂರ್ತಿ ಬಿಟ್ಟುಬಿಡಲಾಗಿದೆ. ಒಂದೊಂದಾಗಿ ನೋಡೋಣ.

ಮೊದಲಿಗೆ, ಇದು ಕೆಲಸ ಮಾಡುವುದು ಹೇಗೆ?

ನಮ್ಮ ಬೈಕ್, ಕಾರುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಓಡಾಟವನ್ನು ಕ್ರ್ಯಾಂಕ್ ಶಾಫ್ಟ್ ಸುತ್ತಾಟವಾಗಿ ಬದಲಾಯಿಸುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಯೋಚನೆ ಬೇರೆಯಾಗಿತ್ತು: ಮೊದಲಿನಿಂದಲೇ ಸುತ್ತುವ ಎಂಜಿನ್ ಮಾಡಿದರೆ ಹೇಗೆ? ಎನ್‌ಎಸ್‌ಯು ಕಂಪನಿಯಲ್ಲಿ ಅವರ ಮೊದಲ ಮಾದರಿ ಓಡಿದ್ದು 1957ರಲ್ಲಿ.

ಇಲ್ಲಿ ಸಿಲಿಂಡರ್ ಬದಲು ಎರಡು ಬೀಜದ ಕಡಲೆಕಾಯಿಯ ಆಕಾರದ ಗೂಡು ಇರುತ್ತದೆ. ಅದರೊಳಗೆ ಮೂರು ಮೂಲೆಗಳ ರೋಟರ್ ಸುತ್ತುತ್ತದೆ. ಮೂಲೆಗಳು ಸದಾ ಗೋಡೆಗೆ ತಾಗಿಕೊಂಡೇ ಇರುವುದರಿಂದ ಗೂಡಿನಲ್ಲಿ ಮೂರು ಕೋಣೆಗಳಾಗುತ್ತವೆ. ರೋಟರ್ ಸುತ್ತಿದಂತೆ ಈ ಕೋಣೆಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಗಾಳಿ ಮತ್ತು ಪೆಟ್ರೋಲ್ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರಗೆ ತಳ್ಳುವುದು ನಾಲ್ಕೂ ಒಂದೇ ಸುತ್ತಿನಲ್ಲಿ ನಡೆಯುತ್ತವೆ. ಶಾಫ್ಟ್ ಮೂರು ಸುತ್ತು ಸುತ್ತಿದಾಗ ರೋಟರ್ ಒಂದು ಸುತ್ತು ಸುತ್ತುತ್ತದೆ. ಅಂದರೆ ಶಾಫ್ಟ್ ನಿಮಿಷಕ್ಕೆ 9,000 ಸುತ್ತು ಹಾಕುವಾಗಲೂ ರೋಟರ್ ಹಾಕುವುದು 3,000 ಮಾತ್ರ.

‘ಮೂರೇ ಭಾಗ’ ಎಂಬ ಲೆಕ್ಕ ಸರಿಯೇ?

ಎರಡು ರೋಟರ್, ಒಂದು ಶಾಫ್ಟ್. ಮಜ್ದಾ ಕಂಪನಿಯ ಪ್ರಸಿದ್ಧ 13ಬಿ ಎಂಜಿನ್‌ನಲ್ಲಿ ಮುಖ್ಯವಾಗಿ ತಿರುಗುವುದು ಇವು ಮೂರೇ. ಅಲ್ಲಿಯವರೆಗೆ ಫಾರ್ವರ್ಡ್ ಹೇಳುವುದು ನಿಜ.

ಆದರೆ ಮೂಲೆ ಗೋಡೆಗೆ ‘ತಾಗಿಕೊಂಡೇ’ ಇರುವುದು ಹೇಗೆ? ಅದಕ್ಕೆ ಸೀಲ್‌ಗಳು ಬೇಕು. ಒಂದು ರೋಟರ್‌ಗೆ ಮೂಲೆಗೊಂದರಂತೆ 3 ಅಪೆಕ್ಸ್ ಸೀಲ್, ಎರಡೂ ಬದಿಗೆ ಸೇರಿ 6 ಸೈಡ್ ಸೀಲ್, ಅವನ್ನು ಕೂಡಿಸುವ 6 ಕಾರ್ನರ್ ಸೀಲ್. ಒಟ್ಟು 15. ಎರಡು ರೋಟರ್‌ಗೆ 30. ಇವುಗಳ ಹಿಂದಿನ ಸ್ಪ್ರಿಂಗ್‌ಗಳು, ಆಯಿಲ್ ಒಳಬರದಂತೆ ತಡೆಯುವ ಉಂಗುರಗಳು ಈ ಲೆಕ್ಕದಲ್ಲಿಲ್ಲ. ವಿಡಿಯೋದಲ್ಲಿ ಕಾಣುವುದು ಮೂರು ಭಾಗ. ಎಂಜಿನ್ ಬದುಕುವುದೋ ಸಾಯುವುದೋ ಎಂದು ತೀರ್ಮಾನಿಸುವುದು ಕಾಣದ ಈ ಮೂವತ್ತು.

‘ಸವೆಯುವುದಕ್ಕೆ ಏನೂ ಇಲ್ಲ’ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. 1986ರಿಂದ ಬಂದ ಹಲವು 13ಬಿ ಎಂಜಿನ್‌ಗಳಲ್ಲಿ ಹೊಸ ಅಪೆಕ್ಸ್ ಸೀಲ್‌ನ ಎತ್ತರ 8 ಮಿ.ಮೀ. ಅದು ಸವೆದು 6.5ಕ್ಕೆ ಬಂದರೆ ಬದಲಾಯಿಸಲೇಬೇಕು. ಇತಿಹಾಸವೂ ಇದನ್ನೇ ಹೇಳುತ್ತದೆ. ಎನ್‌ಎಸ್‌ಯು 1967ರಲ್ಲಿ ತಂದ ಆರ್‌ಒ 80 ಕಾರಿನ ಆರಂಭದ ಎಂಜಿನ್‌ಗಳು ಸೀಲ್ ಸವೆತದಿಂದಲೇ ಹೆಸರು ಕೆಡಿಸಿಕೊಂಡವು. ಜಪಾನಿನಲ್ಲಿ ಕೆನಿಚಿ ಯಮಾಮೊಟೊ ನೇತೃತ್ವದ ಮಜ್ದಾ ತಂಡಕ್ಕೆ ಗೂಡಿನ ಒಳಗೋಡೆಯ ತುಂಬ ಅಲೆಯಲೆಯಾದ ಗೀರುಗಳು ಕಂಡವು. ಸೀಲ್ ಅದುರುತ್ತಾ ಗೋಡೆಯನ್ನು ಕೆರೆದ ಗುರುತುಗಳವು. ಎಂಜಿನಿಯರ್‌ಗಳು ಅವನ್ನು ‘ದೆವ್ವದ ಉಗುರಿನ ಗುರುತು’ ಎಂದು ಕರೆದರು. ಅದನ್ನು ನಿವಾರಿಸಿದ ಮೇಲೆಯೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಮಾರುಕಟ್ಟೆಗೆ ಬಂದಿದ್ದು.

ಕೂರುವುದು ಬೇರೆ, ಹೊಂದುವುದು ಬೇರೆ

ಈಗ ಫಾರ್ವರ್ಡ್ ಬಿಟ್ಟಿರುವ ಮುಖ್ಯ ವಿಷಯಕ್ಕೆ ಬರೋಣ. 13ಬಿ ಎಂಜಿನ್‌ನ ನಾನಾ ಮಾದರಿಗಳು 1970ರ ದಶಕದಿಂದ 2000ದ ದಶಕದವರೆಗೆ ಬಂದಿವೆ. ಇವತ್ತು ರೇಸ್‌ಗಾಗಿ ಒಂದು ಎಂಜಿನ್ ಕಟ್ಟುವವರು ಎಷ್ಟೋ ಸಲ ಹಳೆಯ ಎರಡು ಮೂರು ಎಂಜಿನ್‌ಗಳನ್ನು ಬಿಚ್ಚಿ, ಒಳ್ಳೆಯ ಭಾಗಗಳನ್ನು ಆರಿಸಿ ಒಂದು ಮಾಡುತ್ತಾರೆ. ಭಾಗಗಳು ನೋಡಲು ಒಂದೇ ತರಹ ಇರುತ್ತವೆ. ತೊಂದರೆ ಶುರುವಾಗುವುದು ಅಲ್ಲಿಯೇ.

ಒಂದು, ಅಗಲ. ಮಜ್ದಾದ 10ಎ, 12ಎ, 13ಬಿ ಮೂರರ ಗೂಡಿನ ಆಕಾರವೂ ಒಂದೇ. ಅಗಲ ಮಾತ್ರ ಕ್ರಮವಾಗಿ 60, 70, 80 ಮಿ.ಮೀ. ಎದುರಿನಿಂದ ತೆಗೆದ ಫೋಟೋ ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಒಂದು ಕೋಣೆಯ ಅಳತೆ ಮಾತ್ರ 491, 573, 654 ಸಿಸಿ ಎಂದು ಬೇರೆಯಾಗುತ್ತದೆ.

ಎರಡು, ಸೀಲ್‌ನ ದಪ್ಪ. 1985ರವರೆಗಿನ 13ಬಿ ರೋಟರ್‌ಗಳಲ್ಲಿ 3 ಮಿ.ಮೀ. ದಪ್ಪದ ಅಪೆಕ್ಸ್ ಸೀಲ್, 1986ರಿಂದ 2 ಮಿ.ಮೀ. ಹಳೆಯ ರೋಟರ್‌ನ ಗಾಡಿಗೆ ಹೊಸ ಸೀಲ್ ಹಾಕಿದರೆ ಸಲೀಸಾಗಿ ಇಳಿಯುತ್ತದೆ, ಆದರೆ ಒಳಗೆ ಅಲುಗಾಡುತ್ತದೆ. ಗಟ್ಟಿ ಸೀಲ್ ಬೇಕೆನ್ನುವ ಕೆಲವು ರೇಸ್ ಮೆಕ್ಯಾನಿಕ್‌ಗಳು ಇದರ ಉಲ್ಟಾ ಮಾಡುತ್ತಾರೆ: ಹೊಸ ರೋಟರ್‌ನ ಗಾಡಿಯನ್ನು ಮೆಷಿನ್‌ನಲ್ಲಿ 3 ಮಿ.ಮೀ.ಗೆ ಅಗಲ ಮಾಡಿಸುತ್ತಾರೆ.

ಮೂರು, ನೀರಿನ ಸೀಲ್. ರೋಟರಿ ಎಂಜಿನ್ ಎಂದರೆ ಕಬ್ಬಿಣದ ತಟ್ಟೆ, ಅಲ್ಯೂಮಿನಿಯಂ ಗೂಡು, ಮತ್ತೆ ತಟ್ಟೆ ಹೀಗೆ ಒಂದರ ಮೇಲೊಂದು ಪೇರಿಸಿ ಉದ್ದ ಬೋಲ್ಟ್‌ಗಳಿಂದ ಬಿಗಿದ ಕಟ್ಟು. ನಡುವೆ ನೀರು ಸೋರದಂತೆ ರಬ್ಬರ್ ಸೀಲ್ ಇರುತ್ತದೆ. 1985ರವರೆಗೆ ಆ ಸೀಲ್ ಕೂರುವ ಕೊರಕಲು ಗೂಡಿನಲ್ಲಿತ್ತು. 1986ರಿಂದ ತಟ್ಟೆಗೆ ಬಂತು. ಹಳೆಯ ಗೂಡಿಗೆ ಹೊಸ ತಟ್ಟೆ ಸೇರಿಸಿದರೆ ಕೊರಕಲಿಗೆ ಕೊರಕಲು ಎದುರಾಗುತ್ತದೆ, ಸೀಲ್‌ಗೆ ಬಿಗಿ ಸಿಗುವುದಿಲ್ಲ. ಹೊಸ ಗೂಡಿಗೆ ಹಳೆಯ ತಟ್ಟೆ ಸೇರಿಸಿದರೆ ಎರಡೂ ಕಡೆ ಸಪಾಟು, ಸೀಲ್‌ಗೆ ಜಾಗವೇ ಇಲ್ಲ.

ನಾಲ್ಕು, ತೂಕ. ವರ್ಷದಿಂದ ವರ್ಷಕ್ಕೆ ರೋಟರ್‌ಗಳ ತೂಕ ಬದಲಾಗಿದೆ. ಶಾಫ್ಟ್‌ನ ಹಿಂದೆ ಮುಂದೆ ಇರುವ ಕೌಂಟರ್ ವೇಟ್‌ಗಳು ಆಯಾ ರೋಟರ್ ತೂಕಕ್ಕೆ ತಕ್ಕಂತೆ ಮಾಡಿದವು. ಬೇರೆ ವರ್ಷದ್ದನ್ನು ಹಾಕಿದರೂ ಬೋಲ್ಟ್ ಕೂರುತ್ತದೆ, ಎಂಜಿನ್ ಸ್ಟಾರ್ಟ್ ಆಗುತ್ತದೆ. ವೇಗ ಏರಿದಾಗ ಮಾತ್ರ ಅದುರು ಶುರುವಾಗಿ ಬೇರಿಂಗ್ ತಿನ್ನುತ್ತದೆ.

ನಾಲ್ಕರಲ್ಲೂ ಪಾಠ ಒಂದೇ. ಭಾಗ ಜಾಗದಲ್ಲಿ ಕೂತಿತು ಎಂದ ಮಾತ್ರಕ್ಕೆ ಅದು ಹೊಂದಿತು ಎಂದಲ್ಲ.

ಹಾಗಾದರೆ ಹೊಂದಿಸುವುದು ಹೇಗೆ?

ಉತ್ತರ ನೀರಸವಾಗಿದೆ: ಅಳೆಯುವುದು. ಮತ್ತೆ ಮತ್ತೆ ಅಳೆಯುವುದು.

ಸೈಡ್ ಸೀಲ್‌ಗಳನ್ನೇ ತೆಗೆದುಕೊಳ್ಳಿ. ಹೊಸ ಸೀಲ್ ಬೇಕಾದ್ದಕ್ಕಿಂತ ತುಸು ಉದ್ದವಾಗಿರುತ್ತದೆ. ಅದನ್ನು ಅದರದೇ ಗಾಡಿಯಲ್ಲಿಟ್ಟು, ಪಕ್ಕದ ಕಾರ್ನರ್ ಸೀಲ್‌ಗೂ ಅದಕ್ಕೂ ನಡುವೆ 0.05ರಿಂದ 0.15 ಮಿ.ಮೀ. ಸಂದು ಉಳಿಯುವವರೆಗೆ ತುದಿಯನ್ನು ಅರದಲ್ಲಿ ಉಜ್ಜಬೇಕು. ಇದು ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪ. ಜಾಸ್ತಿ ಉಜ್ಜಿದರೆ ಒತ್ತಡ ಸೋರುತ್ತದೆ. ಕಡಿಮೆ ಉಜ್ಜಿದರೆ ಬಿಸಿಗೆ ಹಿಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗೆ ಹನ್ನೆರಡು ಸೀಲ್. ಹೊಂದಿಸಿದ ಮೇಲೆ ಯಾವುದು ಯಾವ ಜಾಗದ್ದು ಎಂದು ಗುರುತು ಹಾಕಿಡಬೇಕು, ಅದಲು ಬದಲಾದರೆ ಮೊದಲಿಂದ ಶುರು. ಜೋಡಿಸುವಾಗ ಸೀಲ್‌ಗಳು ಉದುರದಿರಲು ಹಚ್ಚುವುದು ಮನೆಯಲ್ಲಿರುವ ವ್ಯಾಸಲೀನ್‌ನಂಥ ಜೆಲ್ಲಿಯನ್ನೇ.

ಶಾಫ್ಟ್ ಹಿಂದೆ ಮುಂದೆ ಸರಿಯುವ ಆಟಕ್ಕೂ ಲೆಕ್ಕವಿದೆ: 0.04ರಿಂದ 0.07 ಮಿ.ಮೀ. ಡಯಲ್ ಗೇಜ್ ಇಟ್ಟು ನೋಡಿ, ಬೇಕಾದರೆ ಬೇರೆ ದಪ್ಪದ ಸ್ಪೇಸರ್ ಹಾಕುತ್ತಾರೆ. ಹೊಸಬರು ಹೆಚ್ಚಾಗಿ ಎಡವುವುದೂ ಇಲ್ಲೇ. ಮುಂದಿನ ಪುಲ್ಲಿಯ ಬೋಲ್ಟ್ ಬಿಗಿಯುವ ಮೊದಲು ಒಳಗಿನ ಥ್ರಸ್ಟ್ ಬೇರಿಂಗ್ ಜಾಗದಿಂದ ಜಾರಿ, ಸ್ಪೇಸರ್ ಮತ್ತು ತಟ್ಟೆಯ ನಡುವೆ ಸಿಕ್ಕಿಕೊಳ್ಳಬಹುದು. ಹೊರಗಿನಿಂದ ಕಾಣುವುದಿಲ್ಲ. ಬೋಲ್ಟ್ ಬಿಗಿದಾಗ ಬೇರಿಂಗ್ ನಜ್ಜುಗುಜ್ಜಾಗುತ್ತದೆ. ಅದಕ್ಕೇ ತಿಳಿದವರು ಎಂಜಿನ್ನಿನ ಮುಂಭಾಗ ಮೇಲೆ ಬರುವಂತೆ ನಿಲ್ಲಿಸಿ ಈ ಕೆಲಸ ಮಾಡುತ್ತಾರೆ, ಬಿಗಿದ ಮೇಲೆ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡುತ್ತಾರೆ, ಆಟ ಮತ್ತೆ ಅಳೆಯುತ್ತಾರೆ.

ರೇಸ್ ಎಂಜಿನ್ ಆದರೆ ಇನ್ನಷ್ಟು ಕೆಲಸವಿದೆ. ಎರಡು ರೋಟರ್‌ನ 13ಬಿ ಶಾಫ್ಟ್‌ಗೆ ಆಧಾರ ಎರಡು ತುದಿಗಳಲ್ಲಿ ಮಾತ್ರ, ನಡುವಿನ ತಟ್ಟೆಯಲ್ಲಿ ಬೇರಿಂಗ್ ಇಲ್ಲ. ತುಂಬಾ ವೇಗದಲ್ಲಿ ಶಾಫ್ಟ್ ಕೂದಲೆಳೆಯಷ್ಟು ಬಾಗುತ್ತದೆ. ಆಗ ರೋಟರ್ ಗೋಡೆಗೆ ತಾಗಬಾರದೆಂದು ಅದರ ಅಂಚುಗಳನ್ನು ಮೊದಲೇ ಸ್ವಲ್ಪ ಕೊರೆದು ಜಾಗ ಬಿಡುತ್ತಾರೆ. ಹೆಚ್ಚು ಗಾಳಿ ಬರಲೆಂದು ತಟ್ಟೆಯಲ್ಲಿರುವ ಪೋರ್ಟ್ ಅಂದರೆ ಗಾಳಿಯ ಕಿಂಡಿಯನ್ನು ದೊಡ್ಡದು ಮಾಡುತ್ತಾರೆ. ಆದರೆ ಅದೇ ತಟ್ಟೆಯ ಮೇಲೆ ಕಾರ್ನರ್ ಸೀಲ್ ಉಜ್ಜುತ್ತಾ ಓಡಬೇಕು. ಅದರ ದಾರಿಯಲ್ಲಿ ಆಧಾರ ಉಳಿಸದೆ ಕಿಂಡಿ ಕೊರೆದರೆ ಸೀಲ್ ಅದರೊಳಗೆ ಬಿದ್ದು ಮುರಿಯುತ್ತದೆ. ಅದಕ್ಕಾಗಿ ಒಂದು ಸಣ್ಣ ಪಟ್ಟಿಯನ್ನು ಸೇತುವೆಯಂತೆ ಉಳಿಸುವ ವಿಧಾನವೇ ಇದೆ. ಅದರ ಹೆಸರೇ ‘ಬ್ರಿಡ್ಜ್ ಪೋರ್ಟ್’.

ಗೆದ್ದಿದ್ದಕ್ಕೇ ನಿಷೇಧಿಸಿದರೇ?

ಗೆದ್ದದ್ದು ನಿಜ. 1991ರ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ಮಜ್ದಾ 787ಬಿ ಕಾರು 362 ಸುತ್ತು ಓಡಿ ಮೊದಲು ಬಂತು. ಜಾನಿ ಹರ್ಬರ್ಟ್, ಫೋಲ್ಕರ್ ವೈಡ್ಲರ್, ಬರ್ಟ್ರಾಂಡ್ ಗಾಶೋ ಅದನ್ನು ಓಡಿಸಿದರು. ಅದರ ನಾಲ್ಕು ರೋಟರ್‌ಗಳ ಆರ್26ಬಿ ಎಂಜಿನ್ ಸುಮಾರು 700 ಅಶ್ವಶಕ್ತಿ ಕೊಡುತ್ತಿತ್ತು. ಅಪೆಕ್ಸ್ ಸೀಲ್‌ಗಳು ಸೆರಾಮಿಕ್‌ನವು. ಆ ರೇಸ್ ಗೆದ್ದ ಮೊದಲ ಜಪಾನಿ ಕಂಪನಿ ಮಜ್ದಾ, ಗೆದ್ದ ಏಕೈಕ ರೋಟರಿ ಕಾರು ಅದು.

‘ಗೆದ್ದಿದ್ದಕ್ಕೆ ನಿಷೇಧ’ ಎಂಬುದು ಮಾತ್ರ ಸುಳ್ಳು. ಸ್ಪೋರ್ಟ್ಸ್ ಕಾರ್ ರೇಸ್‌ಗಳಲ್ಲಿ ಟರ್ಬೋ ಇಲ್ಲದ 3.5 ಲೀಟರ್ ಪಿಸ್ಟನ್ ಎಂಜಿನ್‌ಗಳನ್ನೇ ಬಳಸಬೇಕೆಂಬ ನಿಯಮವನ್ನು ನಿಯಂತ್ರಣ ಸಂಸ್ಥೆ ಆ ರೇಸ್‌ಗೂ ಮುಂಚೆಯೇ ಪ್ರಕಟಿಸಿತ್ತು. ಅದರಿಂದ ಹೊರಬಿದ್ದದ್ದು ರೋಟರಿ ಒಂದೇ ಅಲ್ಲ, ಆಗಿನ ಟರ್ಬೋ ಎಂಜಿನ್‌ಗಳೂ ಹೊರಬಿದ್ದವು. ಫಾರ್ವರ್ಡ್ ಹೇಳದ ಇನ್ನೊಂದು ಸಂಗತಿ: ಆ ವರ್ಷ ಮಜ್ದಾಗೆ 830 ಕೆ.ಜಿ. ತೂಕದಲ್ಲಿ ಓಡಲು ಅವಕಾಶ ಸಿಕ್ಕಿತ್ತು. ಅದರ ಎದುರಿದ್ದ ಜಾಗ್ವಾರ್, ಮರ್ಸಿಡಿಸ್ ಕಾರುಗಳಿಗೆ ಕನಿಷ್ಠ ತೂಕ 1,000 ಕೆ.ಜಿ. ಇತ್ತು. ಮೇಲಾಗಿ ರೋಟರಿ ರೇಸ್‌ಗಳಿಂದ ಮಾಯವಾಗಲೂ ಇಲ್ಲ. 2008ರಲ್ಲಿ ಅಮೆರಿಕದ ಡೇಟೋನಾ 24 ಗಂಟೆಗಳ ರೇಸ್‌ನ ಜಿಟಿ ವಿಭಾಗ ಗೆದ್ದದ್ದು ಮೂರು ರೋಟರ್‌ಗಳ ಮಜ್ದಾ ಆರ್‌ಎಕ್ಸ್-8.

ರಸ್ತೆಯ ಕಾರುಗಳಿಂದ ಅದು ಹಿಂದೆ ಸರಿದದ್ದಕ್ಕೂ ಗುಟ್ಟಿನ ಕಾರಣವಿಲ್ಲ. ಉರಿಯುವ ಕೋಣೆ ಉದ್ದಕ್ಕೆ ಚಪ್ಪಟೆಯಾಗಿರುವುದರಿಂದ ಎಲ್ಲಾ ಇಂಧನವೂ ಚೆನ್ನಾಗಿ ಉರಿಯುವುದಿಲ್ಲ. ಸೀಲ್‌ಗಳಿಗೆ ಜಾರಿಕೆ ಬೇಕಾದ್ದರಿಂದ ಸ್ವಲ್ಪ ಆಯಿಲ್ ಸದಾ ಉರಿಯುತ್ತಲೇ ಇರುತ್ತದೆ. ಪೆಟ್ರೋಲ್ ಖರ್ಚು, ಹೊಗೆ ಎರಡೂ ಹೆಚ್ಚು. ಆರ್‌ಎಕ್ಸ್-8 ಉತ್ಪಾದನೆ 2012ರಲ್ಲಿ ನಿಂತಿತು. 2023ರಲ್ಲಿ ಮಜ್ದಾ ಒಂದೇ ರೋಟರ್‌ನ ಎಂಜಿನ್ನನ್ನು ಎಲೆಕ್ಟ್ರಿಕ್ ಕಾರಿನಲ್ಲಿ ಕರೆಂಟ್ ಉತ್ಪಾದಿಸಲು ಮತ್ತೆ ತಂದಿದೆ. ನಿಷೇಧವಾದ ಎಂಜಿನ್ ಹೀಗೆ ಮರಳಿ ಬರುವುದಿಲ್ಲ.

ನಮ್ಮ ಕೋಲಾರದಲ್ಲೂ ಇದು ಹಾರಿದೆ

ರೋಟರಿ ನಮಗೆ ಪೂರ್ತಿ ದೂರದ್ದೇನಲ್ಲ. ‘ನಿಶಾಂತ್’ ಎಂಬ ಚಾಲಕರಹಿತ ವಿಮಾನಕ್ಕಾಗಿ ಬೆಂಗಳೂರಿನ ಎನ್‌ಎಎಲ್, ಎಡಿಇ ಸಂಸ್ಥೆಗಳು ಮತ್ತು ಅಹಮದ್‌ನಗರದ ವಿಆರ್‌ಡಿಇ ಸೇರಿ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ ರೂಪಿಸಿದವು. 2009ರಲ್ಲಿ ಕೋಲಾರದ ಹಳೆಯ ರನ್‌ವೇಯಿಂದ ಅದು ಮೊದಲ ಬಾರಿ ಹಾರಿತು. ಕಡಿಮೆ ತೂಕಕ್ಕೆ ಹೆಚ್ಚು ಶಕ್ತಿ ಎಂಬ ಇದರ ನಿಜವಾದ ಗುಣ ಸಣ್ಣ ವಿಮಾನಕ್ಕೆ ಹೇಳಿ ಮಾಡಿಸಿದ್ದು.

ಕೊನೆಗೆ

ತಿರುಗುವ ಮುಖ್ಯ ಭಾಗಗಳು ಮೂರೇ ಎಂಬುದು ನಿಜ. ಸವೆಯುವುದಿಲ್ಲ ಎಂಬುದು ಸುಳ್ಳು. ಯಾರು ಬೇಕಾದರೂ ಜೋಡಿಸಬಹುದು ಎಂಬುದು ಅರದಲ್ಲಿ ಸೀಲ್ ಉಜ್ಜುವವರ ಕೈಚಳಕಕ್ಕೆ ಮಾಡುವ ಅವಮಾನ. ಗೆದ್ದಿದ್ದಕ್ಕೆ ನಿಷೇಧಿಸಿದರು ಎಂಬುದು ಕಟ್ಟುಕಥೆ.

ಈ ಮಾತು ನಿಮ್ಮ ಬೈಕಿಗೂ ಸಲ್ಲುತ್ತದೆ. ‘ಇದೇ ಸೈಜ್ ಸಾರ್, ಕೂತ್ಕೊಳ್ಳುತ್ತೆ’ ಎಂದು ಯಾರಾದರೂ ಬೇರೆ ಮಾದರಿಯ ಪಿಸ್ಟನ್ನೋ ರಿಂಗೋ ಹಾಕಲು ಹೊರಟರೆ, ಗೇಜ್ ಹಾಕಿ ಅಳೆದಿರಾ ಎಂದು ಒಮ್ಮೆ ಕೇಳಿ. ಈ ಎಂಜಿನ್ನಿನ ವಿಡಿಯೋ ಮತ್ತೆ ಬಂದರೆ ಖಂಡಿತ ನೋಡಿ, ಅದು ಸುಂದರವಾಗಿಯೇ ಇದೆ. ಶೇರ್ ಮಾಡುವುದಾದರೆ ಕೆಳಗಿನ ಬರಹ ಅಳಿಸಿ ಮಾಡಿ.